ಸುಮ್ಮನಿರುವ ಪಥ್ಯ

ನಾಡಿ ಸಿಗಲಿಲ್ಲ. ಇಂದುಚೂಡನ್ ಮೂರು ಬೆರಳುಗಳನ್ನು ಇನ್ನಷ್ಟು ಒತ್ತಿದ. ಎದುರಿಗೆ ಕೂತ ಸರಸಮ್ಮ ಟೀಚರ್ ಬದುಕಿದ್ದರು, ಗಟ್ಟಿಯಾಗಿಯೇ ಬದುಕಿದ್ದರು. ಮೊಮ್ಮಗಳ ಗಂಡನನ್ನು ಆಗಿನಿಂದ ಬೈಯುತ್ತಲೇ ಇದ್ದರು. ಅವನ ಬೆರಳಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ.

"ಹೇಗಿದೆ ಡಾಕ್ಟ್ರೇ?"

"ವಾತ ಸ್ವಲ್ಪ ಜಾಸ್ತಿ."

ಮಳೆಗಾಲದ ಕರ್ಕಾಟಕ ತಿಂಗಳಲ್ಲಿ ಒಟ್ಟಪಾಲದಲ್ಲಿ ಯಾರ ಕೈ ಹಿಡಿದು ಹೇಳಿದರೂ ಈ ಮಾತು ಸುಳ್ಳಾಗುವುದಿಲ್ಲ. ಒಂದು ವಾರದಿಂದ ಅವನ ವೈದ್ಯ ನಡೆಯುತ್ತಿದ್ದುದು ಈ ಒಂದು ಮಾತಿನ ಮೇಲೆ. ಜನ ಕೈಮುಗಿದು ಹೋಗುತ್ತಿದ್ದರು. ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇಷ್ಟು ಗದ್ದಲದಲ್ಲೂ ಒಳಕೋಣೆಯ ಬಾಗಿಲು ಹಾಕಿಯೇ ಇತ್ತು. ಅವನು ಚೇಚಿ ಎಂದು ಕರೆಯುವ ಅಕ್ಕ ಗೌರಿಕ್ಕುಟ್ಟಿಯೂ ವೈದ್ಯೆ. ಮೈಗೆ ಎಣ್ಣೆ ತಿಕ್ಕಿಕೊಂಡು, ಆಸನ ಮುಗಿಸುವ ತನಕ ಮಂತ್ರಿಯೇ ಬಂದು ಕೂತರೂ ಅವಳು ಬಾಗಿಲು ತೆಗೆಯುವವಳಲ್ಲ.

ಇಂದುಚೂಡನ್ ಬೈಯಲೆಂದೇ ಎದ್ದು ಹೋದ. ಕಿಟಕಿಯ ಸಂದಿಯಲ್ಲಿ ಅವಳು ಒಂಟಿ ಕಾಲಲ್ಲಿ ನಿಂತಿದ್ದಳು, ಕೈಗಳನ್ನು ತಲೆಯ ಮೇಲೆ ಜೋಡಿಸಿದ್ದಳು. ಹೊರಗೆ ಯಾವುದೋ ಮಗು ಅರಚಿಕೊಂಡಿತು. ಅವಳ ಕಾಲು ಒಂದಿಷ್ಟು ನಡುಗಿತು, ಮತ್ತೆ ನಿಂತಿತು. ಅವನಿಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಕೈಮುಗಿಯಬೇಕೆನಿಸಿತು. ಆಸನ ಅವನೂ ಹಾಕುತ್ತಿದ್ದ. ಶವಾಸನದಲ್ಲಿ ಮಲಗಿ ನಾಳೆಯ ಕಷಾಯದ ಲೆಕ್ಕ ಹಾಕುತ್ತಿದ್ದ.

ಬಾಗಿಲು ತೆರೆಯಿತು.

"ಏನೋ, ಕಿಟಕೀಲಿ ಕಳ್ಳನ ಥರ?"

"ಜನ ಕಾಯ್ತಿದಾರೆ ಚೇಚಿ."

"ಕಾಯ್ಲಿ. ನಾನು ನೆಟ್ಟಗಿದ್ರೆ ತಾನೆ ಅವರನ್ನ ನೆಟ್ಟಗೆ ನೋಡೋದು?" ಅವನ ಮುಖ ನೋಡಿದಳು. "ಕೈ ಕೊಡು ಇಲ್ಲಿ."

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಾಚಿಕೆಯಾಯಿತು.

"ನಂಗೆ ನಾಡಿ ಸಿಗ್ತಿಲ್ಲ ಚೇಚಿ. ಯಾರದ್ದೂ."

"ಮತ್ತೆ ಅವರಿಗೆಲ್ಲ ಏನ್ ಹೇಳ್ತಿದೀಯ?"

"ವಾತ ಅಂತ."

ಅವಳು ನಕ್ಕುಬಿಟ್ಟಳು. ಆಮೇಲೆ ನಗಲಿಲ್ಲ. "ಇವತ್ತೇ ತಲೆಗೆ ಎಣ್ಣೆ ಧಾರೆ ಶುರು. ಏಳು ದಿನ. ಆಮೇಲೆ ಏಳು ದಿನ ನಲ್ಲಿರಿಕ್ಕ."

ಚಿಕಿತ್ಸೆ ಎಷ್ಟು ದಿನವೋ ಅಷ್ಟೇ ದಿನ ಸುಮ್ಮನಿರುವ ಪಥ್ಯ ಅದು. ಓದುವಂತಿಲ್ಲ, ಹರಟುವಂತಿಲ್ಲ, ಸಿಟ್ಟಾಗುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ. ಅದನ್ನು ಮುರಿದ ರೋಗಿಗಳನ್ನು ಅವನೇ ಎಷ್ಟು ಗದರಿಸಿದ್ದ!

"ಧಾರೆ ಮಾಡಿಸ್ಕೋತೀನಿ. ಆಮೇಲಿಂದು ಬೇಡ."

"ಆಮೇಲಿಂದೇ ಕಣೋ ಔಷಧಿ. ಎಣ್ಣೆ ಬರೀ ನೆಪ. ಯಾಕೆ, ಭಯಾನಾ?"

"ಜನ..."

"ಜನಕ್ಕೆ ನಾನಿದೀನಿ. ಭಯಾನಾ ಅಂತ ಕೇಳ್ದೆ."

ಭಯವೇ. ಹಿಡಿಯಲು ಯಾರ ಕೈಯೂ ಇಲ್ಲದ ಕೋಣೆಯಲ್ಲಿ ಏಳು ದಿನ ಮಲಗಿದರೆ, ಅಲ್ಲಿ ಮಲಗಿರುವವನು ಯಾರು? ಯಾರೂ ಇಲ್ಲ ಎಂದು ಗೊತ್ತಾಗಿಬಿಟ್ಟರೆ? ಅವನು ಅಂಗಿ ಬಿಚ್ಚಿದ.

ದೋಣಿಯಂಥ ಮರದ ದ್ರೋಣಿಯಲ್ಲಿ ಮಲಗಿದ. ತಲೆಯ ಮೇಲೆ ತೂಗುವ ಪಾತ್ರೆಯನ್ನು ಅವಳು ಕೆಲಸದವರಿಗೆ ಕೊಡದೆ ತಾನೇ ಹಿಡಿದಳು. ಎಣ್ಣೆ ಹಣೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಎಳೆ ಒಮ್ಮೆಯೂ ಕಡಿಯಲಿಲ್ಲ. ಹೊರಗೆ ಯಾರೋ ಅವಳನ್ನು ಕೂಗಿದರು. ಕೈಯ ಲಯ ತಪ್ಪಲಿಲ್ಲ. ಎಂಥ ಕೈ ಇದು, ಅಂದುಕೊಂಡ ಅವನು, ಕಣ್ಣು ತುಂಬಿತು.

"ಹೇಗನ್ಸುತ್ತೆ?"

"ಬಿಸಿ ಹದವಾಗಿದೆ."

"ಡಾಕ್ಟರನ್ನ ಕೇಳ್ಲಿಲ್ಲ ನಾನು. ನಿನ್ನ ಕೇಳ್ದೆ."

ಡಾಕ್ಟರನ್ನು ಬಿಟ್ಟು ಉಳಿದವನನ್ನು ಅವನು ಒಳಗೆ ಹುಡುಕತೊಡಗಿದ. ಅವಳು ಅವಸರಪಡಿಸದೆ ಕಾದಳು.

ಎಣ್ಣೆ ಕೂದಲಿನಿಂದ ಮರಕ್ಕೆ, ಮರದ ತೂತಿನಿಂದ ಕೆಳಗಿಟ್ಟ ಉರುಳಿ ಎಂಬ ಕಂಚಿನ ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು. ಅದನ್ನೇ ಅವಳು ತೆಂಗಿನ ಚಿಪ್ಪಿನ ಸೌಟಿನಲ್ಲಿ ಮೊಗೆದು ಮತ್ತೆ ಪಾತ್ರೆಗೆ ಹುಯ್ಯುತ್ತಿದ್ದಳು. ಅವನ ಮೇಲೆ ಹಾದುಹೋದ ಅದೇ ಎಣ್ಣೆ ಮತ್ತೆ ಅವನ ಹಣೆಗೆ ಬೀಳುತ್ತಿತ್ತು, ಒಂದು ಹನಿಯೂ ಕಡಿಮೆಯಾಗದೆ.