ಗೇರಿನ ಮುಂದಿನ ದುಂಡು ತೂತು

ನಾನು ಒಂದು ಸಾಕೆಟ್. ಕಾರಿನಲ್ಲಿ ಗೇರಿನ ಕೋಲಿನ ಮುಂದೆ, ಮೊಣಕಾಲಿನ ಎತ್ತರದಲ್ಲಿ ದುಂಡು ತೂತೊಂದು ಇರುತ್ತದಲ್ಲ, ಅದೇ. ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನ ಬೆನ್ನಿಗೆ ಎರಡು ತಂತಿ ಸಿಕ್ಕಿಸಿ, ಎಳೆದು ನೋಡಿ, ತಲೆಯಾಡಿಸಿದಳು. ನನ್ನ ಕಾವಲಿಗೆ ಹತ್ತು ಆಂಪಿಯರಿನ ಕೆಂಪು ಫ್ಯೂಸ್ ಇತ್ತು. ಮಿತಿ ಮೀರಿ ಕರೆಂಟು ಹರಿದರೆ ತಾನು ಸುಟ್ಟು ನನ್ನನ್ನು ಉಳಿಸುವುದು ಅದರ ಕೆಲಸ.

ಕೂತಲ್ಲಿಂದ ನನಗೆ ಕಾಣುವುದು ಮಂಡಿ, ಚಪ್ಪಲಿ, ಕೈಬೆರಳು ಮಾತ್ರ. ಹಾಗಾಗಿ ಪ್ರತಿಯೊಬ್ಬರ ಬಗ್ಗೆಯೂ ನನಗೆ ಅತಿಯಾದ ಕುತೂಹಲ. ಮೊದಲ ಯಜಮಾನರು ಗೊಬ್ಬರದ ವ್ಯಾಪಾರಿ. ಎಂಟು ವರ್ಷ ನನ್ನಿಂದ ಸಿಗರೇಟು ಹಚ್ಚಿಸಿಕೊಂಡರು, ಒಮ್ಮೆಯೂ ಬಗ್ಗಿ ನನ್ನ ಮುಖ ನೋಡಲಿಲ್ಲ. ಆಮೇಲೆ ಕಾರು ಕುಷ್ಟಗಿಯ ಫಕೀರಪ್ಪನ ಕೈಗೆ ಬಂತು. ಅವನು ಅದನ್ನು ಬಾಡಿಗೆಗೆ ಓಡಿಸುತ್ತಿದ್ದ.

ಅವನ ಕಾಯಂ ಗಿರಾಕಿ ತಸ್ಲೀಮಾ ಮೇಡಂ. ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳ ಕಿವಿ ಪರೀಕ್ಷೆ ಮಾಡುವವರು. ಪರೀಕ್ಷೆಯ ಸದ್ದು ಹೊರಡುವುದು ಅವರ ಲ್ಯಾಪ್‌ಟಾಪಿನಿಂದ. ಹಳ್ಳಿಯ ಕರೆಂಟು ನಂಬುವ ಹಾಗಿರಲಿಲ್ಲ. ಫಕೀರಪ್ಪ ಹುಬ್ಬಳ್ಳಿಯ ಸಂತೆಯಿಂದ, ಕಾರಿನ ಕರೆಂಟನ್ನು ಮನೆಯ ಕರೆಂಟಾಗಿಸುವ ಇಟ್ಟಿಗೆ ಗಾತ್ರದ ಇನ್ವರ್ಟರ್ ತಂದು ನನಗೆ ಚುಚ್ಚಿದ. ಲ್ಯಾಪ್‌ಟಾಪ್ ಒಂದನ್ನೇ ಹಾಕಿದ್ದರೆ ನಾನು ತಡೆಯುತ್ತಿದ್ದೆ. ಪಕ್ಕದಲ್ಲೇ ವರದಿ ಅಚ್ಚು ಹಾಕುವ ಪ್ರಿಂಟರನ್ನೂ ಹಾಕಿದ. ಫ್ಯೂಸ್ ಹಾರಿತು.

ಆಗ ಫಕೀರಪ್ಪ ಡ್ರೈವರುಗಳೆಲ್ಲ ಮಾಡುವ ಕೆಲಸ ಮಾಡಿದ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹರಿದು, ಸುಟ್ಟ ಫ್ಯೂಸಿಗೆ ಸುತ್ತಿ, ಮತ್ತೆ ಅಲ್ಲೇ ಕೂರಿಸಿದ. “ಈಗ ನೋಡ್ರಿ, ಎಂದೂ ಹಾರಂಗಿಲ್ಲ” ಎಂದ. ನನಗೆ ಹೆದರಿಕೆಯಾಯಿತು. ಇನ್ನು ಸುಡಬೇಕಾದವನು ನಾನೇ.

ಒಂದು ಬೆಳಿಗ್ಗೆ ಒಂದು ಶಾಲೆಯ ಅಂಗಳದಲ್ಲಿ ನಿಂತಿದ್ದೆವು. ಪಾರವ್ವ ಎಂಬ ಆರು ವರ್ಷದ ಹುಡುಗಿಯ ಪರೀಕ್ಷೆ ಬಾಕಿಯಿತ್ತು. ಅವಳಿಗೆ ಬುದ್ಧಿ ಕಡಿಮೆ ಎಂದು ಊರೆಲ್ಲ ತೀರ್ಮಾನಿಸಿತ್ತು, ಮೇಡಂಗೆ ಮಾತ್ರ ಅನುಮಾನ. ಸಂಜೆಯ ಬಸ್ಸಿಗೆ ಅವಳ ಮನೆಯವರು ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೊರಡುವವರು, ಬರುವುದು ಆರು ತಿಂಗಳ ಮೇಲೆ. ಸುತ್ತಲಿನ ಊರುಗಳಲ್ಲೆಲ್ಲ ಕರೆಂಟು ಹೋಗಿತ್ತು, ಲ್ಯಾಪ್‌ಟಾಪಿನಲ್ಲಿ ಉಳಿದಿದ್ದು ಶೇಕಡಾ ನಾಲ್ಕು.

ಇನ್ವರ್ಟರ್ ಚುಚ್ಚಿದರು, ಪ್ರಿಂಟರೂ ಸೇರಿತು. ಕಾಲು ಗಂಟೆಯಲ್ಲಿ ನನ್ನ ಮೈ ಕಾದು, ಅಂಚಿನ ಪ್ಲಾಸ್ಟಿಕ್ ಮೆತ್ತಗಾಯಿತು. ಬಾಯಿಲ್ಲದ ನಾನು ವಾಸನೆಯಿಂದಲೇ ಕೂಗಿದೆ. ವಾಸನೆ ಹಿಡಿದ ಮೇಡಂ ಕೈಗೆ ಸೆರಗು ಸುತ್ತಿಕೊಂಡು ಇನ್ವರ್ಟರನ್ನು ಕಿತ್ತೆಸೆದರು.

ಮೂರು ಕಿಲೋಮೀಟರು ಆಚೆ ಈರಭದ್ರನ ಎಲೆಕ್ಟ್ರಿಕಲ್ ಅಂಗಡಿ. ಅವನು ಫ್ಯೂಸು ಕಿತ್ತು ಬೆಳ್ಳಿ ಕಾಗದವನ್ನು ಫಕೀರಪ್ಪನ ಅಂಗೈಗೆ ಹಾಕಿದ. “ಇದು ಕಾರು ಸುಡೋ ಸಾಮಾನು” ಎಂದ. ಆಮೇಲೆ ಮೇಡಂ ಅವರ ಚಾರ್ಜರಿನ ಬೆನ್ನಿನ ಸಣ್ಣಕ್ಷರ ಓದಿದ. “ಅರವತ್ತೈದು ವ್ಯಾಟ್. ಈ ತೂತು ನೂರಿಪ್ಪತ್ತು ಕೊಡ್ತೈತಿ, ಸಾಕು. ಇನ್ವರ್ಟರ್ ಯಾಕ್ರೀ? ನನ್ನ ಅಂಗಡ್ಯಾಗಿನ ಈ ಸಣ್ಣ ಕಾರ್ ಚಾರ್ಜರ್ ಸೀದಾ ತೂತಿಗೆ ಹಾಕ್ರಿ. ಇಂಜಿನ್ ಚಾಲೂ ಮಾಡಿದ ಮ್ಯಾಲ ಚುಚ್ಚಬೇಕು, ಆಫ್ ಮಾಡೂಕಿಂತ ಮೊದಲ ತಗೀಬೇಕು. ಪ್ರಿಂಟ್ ಆಮ್ಯಾಲ ಮನ್ಯಾಗ ಮಾಡ್ಕೋರಿ.” ಫಕೀರಪ್ಪ ಬೆಳ್ಳಿ ಕಾಗದ ಮುದುರಿ ಎಸೆದ. ಹೊಸ ಕೆಂಪು ಫ್ಯೂಸ್ ಬಂತು, ನನ್ನ ಜೀವ ನಿರಾಳವಾಯಿತು.

ಚಾರ್ಜ್ ಏರಲೆಂದು ಸುತ್ತುದಾರಿ ಹಿಡಿದು ಒಂದು ತಾಸು ಓಡಿ ಮರಳಿದೆವು. ಶಾಲೆಯಲ್ಲಿ ಮಕ್ಕಳ ಗದ್ದಲ, ಹಾಗಾಗಿ ಕಾರಿನೊಳಗೇ ಪರೀಕ್ಷೆ. ಫಕೀರಪ್ಪ ಚಾರ್ಜರ್ ಕಿತ್ತು, ಇಂಜಿನ್ ಆರಿಸಿ, ಗಾಜು ಏರಿಸಿ ಹೊರಗೆ ಹೋದ. ಪಾರವ್ವನ ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಹುಣಸೆ ಬೀಜ. ಸದ್ದು ಕೇಳಿಸಿದಾಗಲೆಲ್ಲ ಒಂದು ಬೀಜ ಬಟ್ಟಲಿಗೆ ಹಾಕಬೇಕು.

ಬಹಳ ಹೊತ್ತು ಒಂದೂ ಬೀಳಲಿಲ್ಲ. ಮೇಡಂ ಸದ್ದು ಏರಿಸುತ್ತಾ ಹೋದರು. ಕೊನೆಗೆ ಠಣ್ ಎಂದು ಒಂದು ಬೀಜ, ಮತ್ತೆ ಏರಿಸಿದಾಗ ಇನ್ನೊಂದು. ಜೋರಾದ ಸದ್ದಿಗೆ ಒಂದೂ ತಪ್ಪಲಿಲ್ಲ.

“ಬುದ್ಧಿ ಚಲೋ ಐತವ್ವ, ಕಿವಿ ಮಂದ” ಎಂದರು ಮೇಡಂ.

ಹಿಂದಿನ ಸೀಟಿನಿಂದ ತಾಯಿ ಹನುಮವ್ವ ಕೈ ಚಾಚಿ ಮಗಳ ಬೆರಳು ಹಿಡಿದಳು. “ಹಟಮಾರಿ ಅಂತ ಬಡದೇನ್ರೀ ಇಕೀನ್ನ” ಎಂದಳು. ಸಂಜೆಯ ಬಸ್ಸಿಗೆ ಗಂಡ ಒಬ್ಬನೇ ಹೋದ.

ಎರಡು ತಿಂಗಳ ಮೇಲೆ ಕೊಪ್ಪಳದ ಆಸ್ಪತ್ರೆಯಿಂದ ಪಾರವ್ವ ನಮ್ಮ ಕಾರಿನಲ್ಲೇ ಬಂದಳು, ಕಿವಿಗೆ ಹೊಸ ಯಂತ್ರ. ದಾರಿಯಲ್ಲಿ ಫಕೀರಪ್ಪ ಚಾರ್ಜರನ್ನು ನನ್ನೊಳಗೆ ಒತ್ತಿದ. ಟಕ್ ಎಂದಿತು. ಅವಳು ತಟ್ಟನೆ ತಿರುಗಿ, ಬಗ್ಗಿ, ನನ್ನ ಮುಖ ಹುಡುಕಿ ನೋಡಿದಳು. ಅಷ್ಟು ಹತ್ತಿರದಿಂದ ನಾನು ಯಾರ ಕಣ್ಣನ್ನೂ ಕಂಡಿರಲಿಲ್ಲ. ಕಿತ್ತಳು, ಒತ್ತಿದಳು, ಟಕ್. ಮತ್ತೆ ಕಿತ್ತಳು. ಊರು ಮುಟ್ಟುವವರೆಗೂ ಅದೇ ಆಟ, ಫಕೀರಪ್ಪ ಬೇಡವೆನ್ನಲಿಲ್ಲ. ಅವತ್ತಿನಿಂದ ನನ್ನ ಸ್ಪ್ರಿಂಗ್ ಸಡಿಲ.

ಈಗ ಹೊಸಪೇಟೆಯ ಗುಜರಿಯಲ್ಲಿದ್ದೇನೆ. ನಿನ್ನೆ ಮೆಕ್ಯಾನಿಕ್ ಒಬ್ಬ ಬಂದು ರೇಡಿಯೋ ಬಿಚ್ಚಿಕೊಂಡ. ನನ್ನನ್ನೂ ಬೆರಳಿನಿಂದ ಒತ್ತಿ ನೋಡಿ, “ಇದನ್ನ ಯಾರೋ ಆಡಿ ಆಡಿ ಕೆಡಿಸ್ಯಾರ” ಎಂದು ಬಿಟ್ಟುಹೋದ. ಹೌದು, ಕೆಡಿಸಿದ್ದಾರೆ. ನನಗೆ ಅದರ ಬಗ್ಗೆ ಬೇಸರವಿಲ್ಲ.