ಬೇರೆ ಕಂಪನಿಯ ಸಿಮ್

ಎದುರಿಗೆ ನಾಲ್ಕು ಮಹಡಿಯ ಕಟ್ಟಡ ಎದ್ದ ಮೇಲೆ ದರ್ಜಿಯ ಫೋನಿನ ಸಿಗ್ನಲ್ ಅಂಗಡಿಯ ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ವಾಪಸು ಹೋಗುತ್ತಿತ್ತು. ಗಿರಾಕಿಗಳು ಫೋನ್ ಮಾಡಿ ಮಾಡಿ ಸುಸ್ತಾಗಿ ಬೇರೆ ದರ್ಜಿಗಳನ್ನು ಹುಡುಕಿಕೊಂಡಿದ್ದರು. ಇನ್ನು ಕಂಪನಿ ಬದಲಿಸದೆ ಗತಿಯಿಲ್ಲವೆಂದು ತೀರ್ಮಾನಿಸಿದ ದರ್ಜಿ, ಹೇಗೂ ಹಳೆಯದರ ಗಾಜು ಒಡೆದಿದೆಯಲ್ಲ ಎಂದು ಸೆಕೆಂಡ್ ಹ್ಯಾಂಡ್ ಫೋನೊಂದನ್ನೂ ಕೊಂಡು ತಂದ.

"ಯಾವ ಕಂಪನಿ ಸಿಮ್ ಬೇಕಾದ್ರೂ ಹಾಕ್ಕೊಳ್ಳಿ, ಲಾಕ್ ಇಲ್ಲ," ಎಂದಿದ್ದ ಮಾರಿದವನು. "ಸರಿಯಿಲ್ಲ ಅಂದ್ರೆ ನಾಳೆ ಐದು ಗಂಟೆಯೊಳಗೆ ವಾಪಸು ತನ್ನಿ. ಐದೂ ಐದಕ್ಕೆ ಬಂದ್ರೆ ನಾನು ನಿಮ್ಮನ್ನ ನೋಡೇ ಇಲ್ಲ."

ಆ ನಾಳೆ ಇವತ್ತಾಗಿತ್ತು. ಗಂಟೆ ಮೂರು.

ದರ್ಜಿ ಏನೂ ಸುಮ್ಮನೆ ಕೂತಿರಲಿಲ್ಲ. ತನ್ನ ಸಿಮ್ ಹಾಕಿ ಬಾಗಿಲಲ್ಲಿ ನಿಂತು ನೋಡಿದ, ಓಡಿತು. ಪಕ್ಕದಲ್ಲಿ ಕೂತು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿಯ ಸಿಮ್ ಹಾಕಿದ, ಅದೂ ಓಡಿತು. ಮನೆಗೆ ಹೋಗಿ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಅತ್ತೆಯ ದಿಂಬಿನಡಿಯ ಫೋನು ತೆಗೆದು ಅದರ ಸಿಮ್ಮನ್ನೂ ಹಾಕಿ ನೋಡಿದ. ಮೂರಕ್ಕೆ ಮೂರೂ ಪಾಸು! ಎದೆಯುಬ್ಬಿಸಿಕೊಂಡು ಮಗಳಿಗೆ ಫೋನ್ ಮಾಡಿ ಹೇಳಿದ.

"ಅಪ್ಪಾ, ಆ ಮೂರೂ ಒಂದೇ ಕಂಪನೀವು," ಎಂದಳು ಮಗಳು. "ಫೋನಿಗೆ ನಮ್ಮ ಕಂಪನೀನೇ ಬೀಗ ಹಾಕಿದ್ರೂ ನಮ್ಮ ಸಿಮ್ಮುಗಳು ಓಡೇ ಓಡ್ತವೆ. ಬೇರೆ ಕಂಪನಿದು ಹಾಕಿ ನೋಡು. ಆಗ ಅದು ಕೋಡ್ ಕೇಳಿದ್ರೆ ಬೀಗ ಇದೆ ಅಂತ."

"ಫೋನಲ್ಲೇ ಎಲ್ಲಾದ್ರೂ ಬರೆದಿರಲ್ವಾ?"

"ಕೆಲವದರಲ್ಲಿ ಬರೆದಿರುತ್ತೆ. ಸೆಟ್ಟಿಂಗ್ಸಲ್ಲಿ ನೋಡು."

ಸೆಟ್ಟಿಂಗ್ಸಿನಲ್ಲಿ ಆ ಫೋನಿನ ಜಾತಕವೇ ಇತ್ತು, ಬೀಗದ ಮಾತೊಂದು ಬಿಟ್ಟು. ಹೊಸ ಸಿಮ್ ಕೊಂಡರೆ ಚಾಲೂ ಆಗುವುದು ನಾಳೆ. ಪ್ಯಾಂಟು ಒಯ್ಯಲು ಬಂದ ಬ್ಯಾಂಕಿನ ಗುಮಾಸ್ತರನ್ನು ಅವರ ಸಿಮ್ ಕೇಳಿದ್ದಕ್ಕೆ, ಅವರು ತಮ್ಮ ಹಲ್ಲುಜ್ಜುವ ಬ್ರಷ್ಷನ್ನೇ ಕೇಳಿದಂತೆ ಮುಖ ಮಾಡಿ ಹೊರಟುಹೋದರು.

"ಬೇರೆ ಕಂಪನಿ ಸಿಮ್ ಯಾರ ಹತ್ರ ಇದೆ ಅಂತ ನಿಮಗೆ ಗೊತ್ತು," ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

ಗೊತ್ತಿತ್ತು. ಮಧ್ಯದ ಗೋಡೆಯ ಆಚೆಗೇ ಇತ್ತು. ಅಲ್ಲಿ ಅವನ ಅಣ್ಣನ ಬುಕ್ ಬೈಂಡಿಂಗ್ ಅಂಗಡಿ. ಮೂರು ವರ್ಷದ ಹಿಂದೆ ಅಣ್ಣ ಇವನಿಲ್ಲದಾಗ ಬಂದು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಒಯ್ದು, ಅದರಲ್ಲಿ ರಟ್ಟು ಕತ್ತರಿಸಿದ್ದ. ರಟ್ಟು! ದರ್ಜಿಯ ಕತ್ತರಿಗೆ ಕಾಗದ ತೋರಿಸಿದರೇ ಅಪಚಾರ, ಇನ್ನು ರಟ್ಟೆಂದರೆ ಕೇಳಬೇಕೆ? ಬಾಯಿಗೆ ಬಾಯಿ ಹತ್ತಿ, "ನಿನ್ನ ಸಹವಾಸವೇ ಬೇಡ" ಎಂದ ಅಣ್ಣ ಮನೆಮಂದಿಯೆಲ್ಲ ಸೇರಿ ತೆಗೆದುಕೊಂಡಿದ್ದ ಫೋನ್ ಪ್ಲಾನಿನಿಂದಲೂ ಹೊರಬಿದ್ದು, ಮಾರನೆಯ ದಿನವೇ ಬೇರೆ ಕಂಪನಿಯ ಸಿಮ್ ತಂದಿದ್ದ. ಹೊಸ ನಂಬರೇನೋ ಹೆಂಡಿರ ಮೂಲಕ ಈಚೆ ಬಂತು, ಆದರೆ ಆಮೇಲೆ ಇಬ್ಬರ ನಡುವೆ ಮಾತಿಲ್ಲ. ತಾನಾಗಿ ಹೋಗಿ ಮಾತಾಡಿಸುವುದೆಂದರೆ ದರ್ಜಿಗೆ ಪ್ರಾಣ ಹೋದಂತೆ. ಹೋಗದಿದ್ದರೆ ಫೋನು ಹೋದಂತೆ. ಮೂರೂವರೆಯ ತನಕ ಯೋಚಿಸಿ, ಪ್ರಾಣ ಬಿಡಲು ಎದ್ದ.

ಬೈಂಡಿಂಗ್ ಅಂಗಡಿಯಲ್ಲಿ ಅಣ್ಣ ರಟ್ಟಿಗೆ ಅಂಟು ಸವರುತ್ತಿದ್ದ. ಅತ್ತಿಗೆ ನೆಲದ ಮೇಲೆ ಕೂತು ಹಾಳೆ ಮಡಚುತ್ತಿದ್ದಳು. ದರ್ಜಿ ಅತ್ತಿಗೆಯನ್ನೇ ನೋಡಿಕೊಂಡು, "ಅತ್ತಿಗೆ, ಒಂದು ಐದು ನಿಮಿಷಕ್ಕೆ ಸಿಮ್ ಬೇಕಿತ್ತು," ಎಂದು ಕಥೆಯನ್ನೆಲ್ಲ ಹೇಳಿದ.

"ಕೊಡಲ್ಲ ಅನ್ನು," ಎಂದ ಅಣ್ಣ ಅಂಟಿನ ಡಬ್ಬಿಗೆ.

"ಕೊಡಲ್ವಂತೆ," ಎಂದಳು ಅತ್ತಿಗೆ.

"ನನ್ನ ವಸ್ತು ಹೇಳದೆ ಕೇಳದೆ ತಗೊಂಡು ಹೋದವರೂ ಇದಾರೆ. ನಾನು ಬಾಯಿ ಬಿಟ್ಟು ಕೇಳ್ತಿದೀನಿ ಅಂತ ಹೇಳಿ ಅತ್ತಿಗೆ."

"ಹೇಳಿದಾರೆ, ಕೇಳಿಸ್ತಾ?" ಎಂದ ಅತ್ತಿಗೆ ಮಡಚುತ್ತಿದ್ದ ಹಾಳೆಗಳನ್ನು ನೆಲಕ್ಕೆ ಕುಕ್ಕಿದಳು. "ಹತ್ತಡಿ ಕೋಣೆಯಲ್ಲಿ ನಾನೇನು ಪೋಸ್ಟ್‌ಮ್ಯಾನಾ? ರೀ, ಎದ್ದು ಹೋಗ್ರೀ!"

ಅಣ್ಣ ಕೈ ತೊಳೆದುಕೊಂಡ. "ಬರ್ತೀನಿ ಅನ್ನು. ಆದ್ರೆ ಸಿಮ್ಮು ನನ್ನ ಕಣ್ಣು ತಪ್ಪಿ ಒಂದು ಇಂಚೂ ಆಚೀಚೆ ಹೋಗಬಾರದು ಅನ್ನು."

ಹೀಗೆ ಮೂರು ವರ್ಷದ ನಂತರ ಅಣ್ಣ ತಮ್ಮನ ಅಂಗಡಿಯ ಹೊಸ್ತಿಲು ದಾಟಿದ್ದು ಸಿಮ್ಮಿಗೆ ಕಾವಲಾಗಿ. ದರ್ಜಿ ಕಾಲರಿನಿಂದ ಗುಂಡುಸೂಜಿ ಕಿತ್ತು ಅಣ್ಣನ ಫೋನಿನ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಫೋನು ಯಾವ ಕೋಡನ್ನೂ ಕೇಳಲಿಲ್ಲ. ಅಂಗಡಿಯ ಒಳಗೇ ಸಿಗ್ನಲ್ಲಿನ ಗೆರೆಗಳು ಒಂದು, ಎರಡು, ಮೂರು ಎದ್ದವು. 

"ಕಾಲ್ ಹೋಗುತ್ತೋ ನೋಡಬೇಕು," ಎಂದ ಅಣ್ಣ. ಇಷ್ಟು ಹೊತ್ತಿಗೆ 'ಅನ್ನು', 'ಹೇಳಿ' ಎಲ್ಲ ಮರೆತುಹೋಗಿತ್ತು.

"ನನಗೇ ಮಾಡು. ನನ್ನ ಹಳೇದಕ್ಕೆ ಸಿಗ್ನಲ್ ಹೊರಗಡೆನೇ, ಅಲ್ಲಿ ನಿಂತಿರ್ತೀನಿ."

ಅಣ್ಣ ಹೆಸರುಗಳನ್ನೆಲ್ಲ ಸಿಮ್ಮಿನಲ್ಲೇ ಇಟ್ಟುಕೊಳ್ಳುವ ಹಳೆಯ ಕಾಲದ ಮನುಷ್ಯ. ಅವನ ಬೆರಳು ಪಟ್ಟಿಯಲ್ಲಿ ಇಳಿಯುತ್ತ ಇಳಿಯುತ್ತ ಒಂದು ಹೆಸರಿನ ಮೇಲೆ ನಿಂತಿತು. ಹೊರಗೆ ಹೋಗಲು ತಿರುಗಿದ್ದ ದರ್ಜಿ ಅದನ್ನು ಓದಿದ. 'ಪುಟ್ಟ' ಎಂದಿತ್ತು.

ಐವತ್ತೆರಡು ವರ್ಷದ, ಸೊಂಟದ ಸುತ್ತಳತೆಯನ್ನು ಯಾರಿಗೂ ಹೇಳದ ದರ್ಜಿಯನ್ನು ಹಾಗೆ ಕರೆಯುವವರು ಈಗ ಯಾರೂ ಇರಲಿಲ್ಲ. ಆ ಸಿಮ್ಮು ಜಗಳದ ಮಾರನೆಯ ದಿನದ್ದು. ಅಂದರೆ ಮುಖ ಊದಿಸಿಕೊಂಡು ಕೂತೇ ಅಣ್ಣ ಒಂದೊಂದು ಅಕ್ಷರವನ್ನೂ ಒತ್ತಿ ಆ ಹೆಸರು ಬರೆದಿದ್ದಾನೆ.  ದರ್ಜಿ ಆ ಹೆಸರನ್ನು ಇನ್ನೊಮ್ಮೆ ಓದಿ ಹೊರಗೆ ಹೋಗಿ ನಿಂತ.

ಕೈಯಲ್ಲಿದ್ದ ಹಳೆಯ ಫೋನು ಬಡಿದುಕೊಂಡಿತು. ಕಣ್ಣು ಮಂಜೆಂದು ಮಗಳು ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದಳು. ಒಡೆದ ಗಾಜಿನ ಉದ್ದಗಲಕ್ಕೂ 'ಕತ್ತರಿ ಕಳ್ಳ' ಎಂದು ಬಂತು. ದರ್ಜಿ ಗಡಬಡಿಸಿ ಅಂಗೈಯಿಂದ ಮುಚ್ಚುವಷ್ಟರಲ್ಲಿ, ಕಾಲ್ ಹೋಯಿತೇ ಎಂದು ನೋಡಲು ಬಂದ ಅಣ್ಣ ಹೆಗಲ ಹಿಂದೆಯೇ ನಿಂತಿದ್ದ.

"ಕಳ್ಳ ಅಂತ ಬರ್ಕೊಂಡಿದೀಯೇನೋ?"

ದರ್ಜಿ ಫೋನನ್ನು ಜೇಬಿಗೆ ತುರುಕಿದ.

"ನಾನು ಕದ್ದಿಲ್ಲ ಕಣೋ. ರಟ್ಟು ಕತ್ತರಿಸಿ ವಾಪಸು ಇಟ್ಟೆ."

"ಅದೇ ಅಣ್ಣಾ ತಪ್ಪು! ಕದ್ದಿದ್ರೆ ಬೇಕಾದ್ರೆ ಕ್ಷಮಿಸ್ತಿದ್ದೆ!"

ಒಳಗೆ ಹೆಂಡತಿಗೆ ನಗು ತಡೆಯಲಾಗದೆ ಕಾಜಾ ಸೊಟ್ಟಗಾಯಿತು. ಅಣ್ಣ ಬಿರುಸಾಗಿ ಒಳಹೊಕ್ಕು, ಗೋಡೆಯ ಮೊಳೆಗೆ ನೇತುಹಾಕಿದ್ದ ಕಚ್ಚುಬಿದ್ದ ಹಳೆಯ ಕತ್ತರಿಯನ್ನು ಕೈಗೆತ್ತಿಕೊಂಡ. "ಇದು ಈಗ ಬಟ್ಟೆಗೆ ಆಗಲ್ಲ ಅಲ್ವಾ?"

"ನಿನ್ನ ದಯೆಯಿಂದ ಆಗಲ್ಲ."

"ಹಾಗಾದ್ರೆ ರಟ್ಟಿಗೆ ಆಗುತ್ತೆ," ಎಂದವನೇ ಕತ್ತರಿ ಬಗಲಿಗಿಟ್ಟುಕೊಂಡು ಹೊರಟುಬಿಟ್ಟ!

ದರ್ಜಿಗೆ ಮೂರು ವರ್ಷದ ಕೋಪ ನೆತ್ತಿಗೇರಿತು. ಏರಿದ್ದು ಬಾಯಿಂದ ನಗುವಾಗಿ ಬಂತು. ನಕ್ಕು ಮುಗಿದ ಮೇಲೆ ನೋಡಿದರೆ, ಕಾವಲು ಬಂದವನ ಸಿಮ್ಮು ಹೊಸ ಫೋನಿನಲ್ಲೇ ಉಳಿದಿತ್ತು. ದರ್ಜಿ ಮಧ್ಯದ ಗೋಡೆಯನ್ನು ಬಟ್ಟೆ ಅಳೆಯುವ ಗಜಕಡ್ಡಿಯಿಂದ ಕುಟ್ಟಿದ.

"ಅಣ್ಣಾ, ನಿನ್ನ ಸಿಮ್ಮು ಇಲ್ಲೇ ಇದೆ!"

ಆಚೆಯಿಂದ ರಟ್ಟು ಕತ್ತರಿಸುವ ಸದ್ದು ನಿಂತಿತು.

"ಇರಲಿ ಬಿಡೋ ಪುಟ್ಟ, ಸಂಜೆ ತಗೋತೀನಿ. ಯಾರಾದ್ರೂ ಫೋನ್ ಮಾಡಿದ್ರೆ, ಅಣ್ಣ ಪಕ್ಕದಲ್ಲೇ ಇದಾರೆ ಅನ್ನು."