ಅರ್ಧ ಕ್ಷೌರ

ಗಿರಾಕಿಯ ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಯ ಮೇಲೆ ಇನ್ನೂ ನೊರೆಯಿತ್ತು. ಕ್ಷೌರಿಕ ಕತ್ತಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ಗಿರಾಕಿ ಎರಡು ಸಲ ಕರೆದು ನೋಡಿ, ತಾನೇ ಮುಖ ಒರೆಸಿಕೊಂಡು, ಕ್ಷೌರಿಕನ ಹೆಂಡತಿಗೆ ಫೋನ್ ಮಾಡಿದ. ಅವಳು ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಅರ್ಧ ದಿನದ ರಜೆ ಬರೆದುಕೊಟ್ಟು ಬಂದು, ಗಂಡನ ಕೈ ಹಿಡಿದು ಮನೆಗೆ ಕರೆತಂದಳು.

ಬೀದಿಯವರೆಲ್ಲ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಬೋಳುತಲೆಯವರಿಗೂ ನನ್ನ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅಂಥವನ ಬಾಯಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಹೆಂಡತಿ ಮೊದಲು ಮುನಿಸು ಅಂದುಕೊಂಡಳು, ಆಮೇಲೆ ಬೇರೆ ಹೆಣ್ಣು ಅಂದುಕೊಂಡಳು. ಎರಡೂ ಅಲ್ಲವೆಂದು ಗೊತ್ತಾದ ಮೇಲೆ ಏನಂದುಕೊಳ್ಳಬೇಕೆಂದು ತಿಳಿಯದೆ ಸುಮ್ಮನಾದಳು.

ಅತ್ತೆ ಸುಮ್ಮನಾಗಲಿಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಮೈ ಬಗ್ಗಲ್ಲ, ಅದಕ್ಕೆ ಮನಸ್ಸು ಸರಿಯಿಲ್ಲ ಅನ್ನೋ ನೆಪ," ಎಂದು ಮಗನ ಮುಚ್ಚಿದ ಬಾಗಿಲಿಗೆ ಕೇಳುವಂತೆ ಹೇಳಿದಳು.

ಮರುದಿನ ಬೆಳಿಗ್ಗೆ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಮನೋವೈದ್ಯೆ ಅವನನ್ನು ಮಾತಾಡಿಸಿ ನೋಡಿ, ಹೆಂಡತಿಯನ್ನು ಒಬ್ಬಳನ್ನೇ ಒಳಗೆ ಕರೆದರು.

"ಇದು ಸೋಮಾರಿತನ ಅಲ್ಲಮ್ಮ, ಖಿನ್ನತೆ. ಕಾಯಿಲೆ. ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು. ಅಲ್ಲೀವರೆಗೂ ಧೈರ್ಯ ತಗೋ, ನಗು ಅಂತ ಯಾರೂ ಹೇಳಬೇಡಿ. ಕಾಲು ಮುರಿದವನಿಗೆ ಓಡು ಅಂದ ಹಾಗಾಗುತ್ತೆ. ನನ್ನ ಹತ್ರ ಬಾಯಿ ಬಿಡ್ತಿಲ್ಲ. ನಿಮ್ಮ ಹತ್ರ ಸಾಯೋ ಮಾತು ಆಡಿದ್ದಾರಾ?"

"ಮಾತೇ ಆಡಲ್ಲ."

"ಹಾಗಾದ್ರೆ ನೀವೇ ಕೇಳಿ, ನನಗೆ ತಿಳಿಸಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟಲ್ಲ."

ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತ ಕೇಳಿದಳು. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಹಾಗೆಯೇ ಹೇಳಿದ.

"ಸಾಯಬೇಕು ಅಂತಲ್ಲ. ನಿನ್ನೆ ಕತ್ತಿ ಹಿಡಿದಾಗ ನನ್ನ ಕೈ ಮೇಲೇ ನಂಬಿಕೆ ಬರಲಿಲ್ಲ. ಅದಕ್ಕೇ ಕೆಳಗಿಟ್ಟೆ."

ಅವಳು ಶರ್ಟಿನ ತೋಳನ್ನು ಒಳಗೆ ಮಡಚಿ ರಾಶಿಯ ಮೇಲಿಟ್ಟಳು. ಈಗ ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ, ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು. ವೈದ್ಯೆಗೆ ಫೋನ್ ಮಾಡಿದಳು. ಅವರು ಹೇಳಿದಂತೆ ಅಂಗಡಿಯ ಕತ್ತಿಗಳನ್ನೂ ಮನೆಯ ಕತ್ತರಿಯನ್ನೂ ಟವೆಲ್ಲಿನಲ್ಲಿ ಸುತ್ತಿ ಒಯ್ದು ಕಾರ್ಖಾನೆಯ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಸಂಜೆ ಅತ್ತೆ ಕತ್ತರಿ ಹುಡುಕಿದಾಗ ಎಲ್ಲವನ್ನೂ ಹೇಳಬೇಕಾಯಿತು. ಅತ್ತೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

"ನಿನ್ನ ಮಾವನೂ ಎರಡು ವರ್ಷ ಹೀಗೇ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಮನೆ ಮಾನ ನೋಡು, ಕೇಳಿದವರಿಗೆಲ್ಲ ಬೆನ್ನುನೋವು ಅಂದೆ. ಹೇಳಿ ಹೇಳಿ ನನಗೂ ಬೆನ್ನುನೋವೇ ಅನ್ನಿಸಿಬಿಟ್ಟಿತ್ತು."

"ಆಮೇಲೆ?"

"ಎದ್ರು. ಯಾಕೆ ಮಲಗಿದ್ರಿ ಅಂತ ಅವರು ಇರೋವರೆಗೂ ನಾನು ಕೇಳಲಿಲ್ಲ."

ಅಂದಿನಿಂದ ಹಗಲು ಅತ್ತೆಯ ಪಾಳಿ, ಸಂಜೆ ಹೆಂಡತಿಯದು. ಅತ್ತೆ ಮಗನ ಕೋಣೆಯಲ್ಲಿ ಬಟಾಣಿ ಬಿಡಿಸುತ್ತ ಕೂರುತ್ತಿದ್ದಳು. ನಾಲಿಗೆಯ ತುದಿಗೆ ಬಂದ ಗಾದೆಗಳನ್ನೆಲ್ಲ ನುಂಗಿಕೊಳ್ಳುತ್ತಿದ್ದಳು. ಅವಳ ಪಾಲಿಗೆ ಅದು ಉಪವಾಸಕ್ಕಿಂತ ಕಷ್ಟ. ಹೆಂಡತಿ ಮಾತ್ರೆ ಕೊಟ್ಟು, ನುಂಗುವವರೆಗೆ ನಿಂತಿದ್ದು, ಅಡುಗೆಗೆ ಹೋಗುತ್ತಿದ್ದಳು. ಬೆಳಗಾದರೆ ಮತ್ತೆ ಕಾಲರುಗಳು.

ಐದನೆಯ ವಾರ ಒಂದು ಬೆಳಿಗ್ಗೆ ಬಚ್ಚಲಿನಿಂದ ಅವನ ದನಿ ಕೇಳಿತು. "ನೀರು ತಣ್ಣಗಿದೆ."

ಇಷ್ಟು ದಿನ ಅವನು ಯಾವುದನ್ನೂ ತಣ್ಣಗಿದೆ, ಬಿಸಿಯಿದೆ ಎಂದಿರಲಿಲ್ಲ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೊಸೆ ಒಲೆ ಹಚ್ಚಿ ಇನ್ನೊಂದು ಪಾತ್ರೆ ನೀರಿಟ್ಟಳು. ಸಂತೋಷಪಡಬೇಕು ಎಂಬುದು ಅವಳಿಗೆ ನೆನಪಾಯಿತು, ಅಷ್ಟೆ.

ಆ ವಾರ ಆಸ್ಪತ್ರೆಯಲ್ಲಿ ಗಂಡ ವೈದ್ಯೆಯ ಪ್ರಶ್ನೆಗಳಿಗೆ ತಾನೇ ಉತ್ತರಿಸಿದ. ಒಂದೊಂದೇ ಮಾತು, ಆದರೆ ತಾನೇ. ಅವನು ಹೊರಗೆ ಹೋದ ಮೇಲೆ ವೈದ್ಯೆ ಅವಳ ಕಡೆ ತಿರುಗಿದರು.

"ನೀವು ಹೇಗಿದ್ದೀರಿ?"

ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದಳು. "ಗೊತ್ತಾಗ್ತಿಲ್ಲ," ಎಂಬ ಮಾತು ಬಂತು.

ವೈದ್ಯೆ ಗಂಡನ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಕೂತ್ಕೊಳ್ಳಿ," ಎಂದರು. ಅಲ್ಲಿಯವರೆಗೆ ತಾನು ನಿಂತೇ ಇದ್ದದ್ದು ಅವಳಿಗೆ ಆಗ ತಿಳಿಯಿತು. ಕುಳಿತಳು.